ತೂಕದ ಬಿಡಿಭಾಗಕ್ಕೊಂದು ಹೆಸರು

ಬನಹಟ್ಟಿಯ ನೇಕಾರರ ಸಂಘದವರು ಜಮಖಂಡಿಯ ಚನಮಲ್ಲಪ್ಪನಿಗೆ ಸತ್ಕಾರ ಮಾಡುತ್ತಾರಂತೆ ಎಂಬ ಸುದ್ದಿ ಅವನ ಕಿವಿಗೆ ಬೀಳುವ ಮೊದಲೇ ಅವನ ಓಣಿಯ ಚಹಾದಂಗಡಿಗೆ ಮುಟ್ಟಿತ್ತು. ನಮ್ಮ ಕಡೆ ಸತ್ಕಾರ ಅಂದರೆ ಅಪರೂಪದ್ದೇನಲ್ಲ. ನಿವೃತ್ತರಾದವರಿಗೆ, ಆರಿಸಿ ಬಂದವರಿಗೆ, ಕೆಲವೊಮ್ಮೆ ಸೋತು ಮನೆ ಸೇರಿದವರಿಗೂ ಒಂದು ಶಾಲು, ಒಂದು ರುಮಾಲು, ಒಂದು ತೆಂಗಿನಕಾಯಿ ಸಿಕ್ಕೇ ಸಿಗುತ್ತವೆ. ಆದರೆ ಕಂಪ್ಯೂಟರ್ ಪ್ರೋಗ್ರಾಂ ಬರೆದವನಿಗೆ ಯಾರಾದರೂ ರುಮಾಲು ಸುತ್ತಿದ್ದನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತಮುತ್ತ ಯಾರೂ ಕಂಡಿರಲಿಲ್ಲ. ಹಾಗಾಗಿ ಚಹಾದಂಗಡಿಯಲ್ಲಿ ಅದೇ ಮಾತು. ಚನಮಲ್ಲಪ್ಪನೂ ಆ ದಿನ ಎರಡು ಸಲ ಚಹಾ ಕುಡಿಯಲು ಬಂದ. ಎರಡನೆಯದು ಚಹಾಕ್ಕಲ್ಲ ಎಂದು ಅಲ್ಲಿ ಕುಳಿತವರಿಗೆಲ್ಲ ಗೊತ್ತಿತ್ತು.

ಅವನು ಹುನ್ನೂರಿನ ಕಡೆಯವನು. ಮನೆಯಲ್ಲಿ ಹೊಲವಿತ್ತು, ನೋಡಿಕೊಳ್ಳಲು ಅಣ್ಣಂದಿರಿದ್ದರು. ಬಿ.ಕಾಂ. ಮುಗಿಸಿದ ಇವನು ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದು, ಜಮಖಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಹಿಡಿದು ಕ್ಲಾಸು ತೆಗೆದ. ಆಗಿನ್ನೂ ಕಂಪ್ಯೂಟರ್ ಕೋಣೆಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡುತ್ತಿದ್ದ ಕಾಲ. ನಾಲ್ಕೂ ಊರಿನ ಹುಡುಗ ಹುಡುಗಿಯರು ಬಂದು ಕಲಿತರು. ಕ್ಲಾಸಿಗೆ ಬರುವವರು ಕಡಿಮೆಯಾದ ಮೇಲೆ ಅವನು ಹೆಗಲಿಗೆ ಬ್ಯಾಗು ಹಾಕಿಕೊಂಡು, ಮೋಟರ್ ಸೈಕಲ್ ಹತ್ತಿ, ಮಹಾಲಿಂಗಪುರದ ಬೆಲ್ಲ ಮಾರಿಸಿಕೊಡುವ ಅಡತಿ ಅಂಗಡಿಗಳಿಗೂ ಬೀಳಗಿಯ ಗೊಬ್ಬರದ ಅಂಗಡಿಗಳಿಗೂ ಬನಹಟ್ಟಿಯ ಸಂಘಕ್ಕೂ ಪ್ರೋಗ್ರಾಂ ಬರೆದುಕೊಡತೊಡಗಿದ.

ಬರೆದುಕೊಡತೊಡಗಿದ ಎಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲಬೇಕು. ಮೊದಮೊದಲು, ಪರದೆ ಕರಿ ಹಲಗೆಯ ಹಾಗಿದ್ದಾಗ, ಪ್ರೋಗ್ರಾಂ ಬರೆಯುವವನು ಗೆರೆ ಎಳೆಯುವುದರಿಂದ ಹಿಡಿದು ಎಲ್ಲವನ್ನೂ ಕೈಯಾರೆ ಬರೆಯಬೇಕಿತ್ತು. ಆಮೇಲೆ ವಿಂಡೋಸ್ ಬಂತು, ವಿಷುವಲ್ ಬೇಸಿಕ್ ಬಂತು, ಅದರ ಹಿಂದೆಯೇ ಸಿದ್ಧ ಬಿಡಿಭಾಗಗಳು ಬಂದವು. ಕಂಪೊನೆಂಟ್ ಎಂದು ಅವುಗಳ ಹೆಸರು. ಕ್ಯಾಲೆಂಡರ್ ಬೇಕೆ, ಯಾರೋ ಮಾಡಿಟ್ಟದ್ದಿದೆ. ಕೋಷ್ಟಕ ಬೇಕೆ, ಅದೂ ಇದೆ. ಒಳಗೆ ಏನಿದೆ ಎಂದು ತಿಳಿಯಬೇಕಿಲ್ಲ. ಯಾವ ಹೆಸರಿನಿಂದ ಕರೆದರೆ ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಸಾಕು. ಹೊರಗಿನ ಮುಖ ಬದಲಾಗದಿದ್ದರೆ ಒಳಗನ್ನು ಯಾರು ಬೇಕಾದರೂ, ಯಾವ ಭಾಷೆಯಲ್ಲಿ ಬೇಕಾದರೂ ಹೊಸದಾಗಿ ಬರೆಯಬಹುದು. ಆ ವಿದ್ಯೆಯ ತಿರುಳೇ ಅದು. ಚನಮಲ್ಲಪ್ಪ ಅದನ್ನು ಕ್ಲಾಸಿನಲ್ಲಿ ಬಲು ಚೆಂದಾಗಿ ಕಲಿಸುತ್ತಿದ್ದ. ತಾನು ಮಾತ್ರ ಒಂದು ಬಿಡಿಭಾಗವನ್ನೂ ಮಾಡಿದವನಲ್ಲ. ತಂದು ಜೋಡಿಸುವುದರಲ್ಲಿ ಅವನ ಕೈ ಪಳಗಿತ್ತು.

ಜೋಡಿಸುವುದೇನು ಕಡಿಮೆ ಕೆಲಸವೇ? ಆ ದಿನಗಳಲ್ಲಿ ಒಂದು ಕಂಪ್ಯೂಟರಿನಲ್ಲಿ ಹತ್ತು ಜನರ ಪ್ರೋಗ್ರಾಮುಗಳಿರುತ್ತಿದ್ದವು. ಹೊಸಬನೊಬ್ಬ ಬಂದು ಅದೇ ಹೆಸರಿನ ಬೇರೆ ಬಿಡಿಭಾಗ ಹಾಕಿ ಹೋದನೆಂದರೆ ಹಳೆಯವನ ಪ್ರೋಗ್ರಾಂ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆಗೆಲ್ಲ ಫೋನ್ ಬರುತ್ತಿದ್ದದ್ದು ಇವನಿಗೆ. ಇವನ ಬ್ಯಾಗಿನಲ್ಲಿ ಎಲ್ಲದರ ಹಳೆಯ ಪ್ರತಿಗಳೂ ಇರುತ್ತಿದ್ದವು. ಹೋಗಿ, ಕೆಟ್ಟದ್ದನ್ನು ತೆಗೆದು, ಒಳ್ಳೆಯದನ್ನು ಕೂರಿಸಿ ಬರುತ್ತಿದ್ದ. ಜನ ಅವನನ್ನು ಡಾಕ್ಟರರನ್ನು ಕಂಡಂತೆ ಕಾಣುತ್ತಿದ್ದರು. ಇವನ್ನೆಲ್ಲ ನೀವೇ ಮಾಡಿದ್ದೇನ್ರಿ ಸರ್ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತಿರಲಿಲ್ಲ, ಇಲ್ಲ ಎಂದೂ ಅನ್ನುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದ. ಆ ನಗೆಯ ಮೇಲೆಯೇ ಅವನ ಹೆಸರು ಬೆಳೆಯಿತು. ಇಲ್ಲಪ್ಪಾ, ನಾನು ಜೋಡಿಸುವವನು ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಬನಹಟ್ಟಿಯ ಸಂಘದಲ್ಲಂತೂ ಅವನಿಗೆ ದೇವರ ಮರ್ಯಾದೆ. ಅಲ್ಲಿ ನೇಕಾರರಿಗೆ ನೂಲು ತೂಗಿ ಕೊಡುತ್ತಾರೆ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾರೆ. ಮೊದಲು ತೂಕವನ್ನು ಕೈಯಲ್ಲಿ ಬರೆಯುತ್ತಿದ್ದಾಗ ದಿನ ಬೆಳಗಾದರೆ ಜಗಳ. ಸೀರೆ ಸ್ವಲ್ಪ ಹಗುರಾಯಿತೆಂದರೆ ನೇಯ್ದವಳು ನೂಲು ಕದ್ದಳೆನ್ನುವ ಮಾತು. ಚನಮಲ್ಲಪ್ಪ ತಕ್ಕಡಿಯಿಂದ ಒಂದು ತಂತಿ ಎಳೆದು ಕಂಪ್ಯೂಟರಿಗೆ ಸಿಗಿಸಿದ. ಸೀರೆ ಇಟ್ಟ ಕೂಡಲೇ ಅಂಕಿ ತಾನಾಗಿ ಪರದೆಗೆ ಬಂತು. ನಡುವೆ ಯಾರ ಕೈಯೂ ಇಲ್ಲವೆಂದಮೇಲೆ ಜಗಳವೂ ನಿಂತಿತು. ತಕ್ಕಡಿಯ ಮಾತು ಕೇಳಿ ಪ್ರೋಗ್ರಾಮಿಗೆ ಹೇಳುವ ಆ ಬಿಡಿಭಾಗವನ್ನು ಅವನು ಪುಣೆಯ ಒಂದು ಸಣ್ಣ ಕಂಪನಿಯಿಂದ ತರಿಸಿದ್ದ. ಆ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ.

ಸಂಘದ ಚೇರ್ಮನ್ ದಶರಥ ಫೋನ್ ಮಾಡಿದಾಗ ಚನಮಲ್ಲಪ್ಪನ ಶಾಲಿನ ಕನಸು ಇನ್ನೂ ಬಿಸಿಯಾಗಿತ್ತು.

"ಸರ್, ಹಳೇ ಕಂಪ್ಯೂಟರ್ ಇನ್ನ ಎಬ್ಬಿಸಿದ್ರೂ ಏಳೂದಿಲ್ಲ ಬಿಡ್ರಿ. ಹೊಸಾದು ತಂದೇವಿ. ನಿಮ್ಮ ಪ್ರೋಗ್ರಾಂ ಅದರಾಗ ಹಾಕಿ ಕೊಡ್ರಿ. ಸತ್ಕಾರದ ದಿವಸ ಮೊದಲನೇ ಸೀರಿ ಅದರಾಗs ತೂಗೂದು."

ಹೋಗಿ ಹಾಕಿದ. ಪ್ರೋಗ್ರಾಂ ತೆರೆಯಿತು, ಕೋಷ್ಟಕ ಬಂತು, ಕ್ಯಾಲೆಂಡರ್ ಬಂತು. ತೂಕ ಮಾತ್ರ ಬರಲಿಲ್ಲ. ಪುಣೆಯ ಆ ಬಿಡಿಭಾಗವನ್ನು ಹಳೆಯ ವಿಂಡೋಸಿಗೆಂದು ಮಾಡಿದ್ದರು. ತಕ್ಕಡಿಯ ತಂತಿಯನ್ನು ಮುಟ್ಟುವ ಅದರ ಒಳತುಂಡನ್ನು ಹೊಸ ಕಂಪ್ಯೂಟರ್ ಹೊಸಿಲು ದಾಟಲೂ ಬಿಡಲಿಲ್ಲ. ತಂತಿ ಬದಲಿಸಿದ, ಬ್ಯಾಗಿನ ಪ್ರತಿಗಳನ್ನೆಲ್ಲ ಹಾಕಿ ನೋಡಿದ. ಅವನ ಕಾಲದ ಔಷಧಿ ಯಾವುದೂ ನಾಟಲಿಲ್ಲ. ಪ್ರೋಗ್ರಾಮುಗಳನ್ನು ಕಟ್ಟುವ ರೀತಿಯೇ ಬದಲಾಗಿ ವರ್ಷಗಳಾಗಿದ್ದವು. ಈಗ ಪ್ರತಿ ಪ್ರೋಗ್ರಾಮೂ ತನ್ನ ಬಿಡಿಭಾಗಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತದೆ. ಹಳೆಯ ಬಿಡಿಭಾಗವನ್ನು ಹೊಸ ರೀತಿಯಲ್ಲಿ ಬರೆಯುವ ದಾರಿಗಳೂ ಇವೆ. ಅದೆಲ್ಲ ಬಂದಾಗ ಚನಮಲ್ಲಪ್ಪ ನಾಳೆ ಕಲಿತರಾಯಿತು ಎಂದುಕೊಂಡಿದ್ದ. ದಿನಾ ತಕ್ಕಡಿಯ ಮುಂದೆ ಕೂರುವ ಗುಮಾಸ್ತ ಹುಲೆಪ್ಪ ಅವನ ಹಿಂದೆ ನಿಂತು ನೋಡುತ್ತಲೇ ಇದ್ದ. ಒಂದು ಸಣ್ಣ ಭಾಗ ತರಬೇಕು ಎಂದು ಹೇಳಿ ಇವನು ಬೆವರು ಒರೆಸಿಕೊಂಡು ಹೊರಬಿದ್ದ.

ಮುಧೋಳದಲ್ಲಿ ಮನೀಷಾ ಇದ್ದಳು. ಜಮಖಂಡಿಯ ಮಹಡಿಯಲ್ಲಿ ಅವನ ಕೈಯಲ್ಲೇ ಕಲಿತವಳು. ಈಗ ಬಸ್‌ಸ್ಟ್ಯಾಂಡಿನ ಎದುರು ಅವಳದೊಂದು ಅಂಗಡಿ. ಮುಂದೆ ಕುಳಿತು ಜನರ ಅರ್ಜಿ ತುಂಬಿಕೊಡುತ್ತಾಳೆ. ಒಳಕೋಣೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾಗಳಿಗೆ ಪ್ರೋಗ್ರಾಂ ಬರೆಯುತ್ತಾಳೆ. ಗುರುಗಳನ್ನು ಕಂಡವಳೇ ಎದ್ದು ನಿಂತಳು.

"ಬರ್ರಿ ಸರ್, ಕುಂದರ್ರಿ. ಎಷ್ಟ ವರ್ಷಾತ್ರಿ ನಮ್ಮ ಅಂಗಡಿಗೆ ಬಂದು!"

ಚನಮಲ್ಲಪ್ಪ ಸುತ್ತಿ ಬಳಸಿ ವಿಷಯ ಹೇಳಿದ. ಅವಳು ಪೂರ್ತಿ ಕೇಳಿ ನಕ್ಕಳು. ಅಣಕದ ನಗೆಯಲ್ಲ.

"ನಿಮ್ಮ ಪ್ರೋಗ್ರಾಮಿಗೆ ಕೈ ಹಚ್ಚೂದs ಬ್ಯಾಡ್ರಿ ಸರ್. ತೂಕ ಓದೂ ಭಾಗ ಒಂದನ್ನ ನಾ ಹೊಸದಾಗಿ ಬರೀತೀನಿ. ಹೊರಗಿನ ಹೆಸರು ಅವೇ, ಕರಿಯೂ ರೀತಿ ಅದೇ. ಒಳಗ ಬ್ಯಾರೆದು ಕುಂತೈತಿ ಅಂತ ನಿಮ್ಮ ಪ್ರೋಗ್ರಾಮಿಗೆ ಗೊತ್ತs ಆಗಂಗಿಲ್ಲ. ನೀವs ಕಲಿಸಿದ್ದಲ್ಲೇನ್ರಿ ಇದು?"

ಅವನೇ ಕಲಿಸಿದ್ದು ಹೌದು. ಆ ಮಾತಿಗೆ ಅವನು ತಲೆ ತಗ್ಗಿಸಿದ.

ಒಂದು ವಾರದಲ್ಲಿ ಮಾಡಿಕೊಟ್ಟಳು. ಅವಳ ಅಂಗಡಿಯಲ್ಲೇ ತಕ್ಕಡಿ ಹಚ್ಚಿ ನೋಡಿದರು. ಅಂಕಿ ಮೊದಲಿಗಿಂತ ಚುರುಕಾಗಿ ಬಂತು. ಏನು ಕೊಡಲಿ ಎಂದು ಚನಮಲ್ಲಪ್ಪ ಕೇಳಿದಾಗ ಅವಳು ಕೈ ಅಡ್ಡ ಮಾಡಿದಳು.

"ಏನೂ ಬ್ಯಾಡ್ರಿ. ಒಂದs ಮಾತು. ಮಾಡಿದವರ ಹೆಸರು ಬರತೈತಲ್ರಿ, ಆ ಸಣ್ಣ ಕಿಟಕಿ, ಅದರಾಗ ನನ್ನ ಹೆಸರು ಕನ್ನಡದಾಗ ಹಾಕೇನಿ. ಅದಷ್ಟು ಇರ್ಲಿ. ನಮ್ಮವ್ವ ಅದೇ ಸಂಘದ ಸೀರಿ ನೇಯ್ದು ನನ್ನ ಕಲಿಸಿದಾಕಿ. ನಾ ಏನ ಮಾಡ್ತೀನಿ ಅಂತ ಆಕಿಗೆ ಹೇಳಾಕ ನನಗ ಬರೂದಿಲ್ಲ. ಮಂದಿ ಅರ್ಜಿ ತುಂಬತಾಳ ಅಂತ ತಿಳದಾಳ. ಸಾಲಿ ಕಲಿತಿಲ್ಲ, ಆದ್ರ ನನ್ನ ಹೆಸರಿನ ಅಕ್ಷರ ಗುರ್ತ ಹಿಡೀತಾಳ. ಒಮ್ಮೆ ತೋರಿಸಬೇಕ್ರಿ."

"ಅದೇನ ದೊಡ್ಡದವಾ, ಇರತೈತಿ," ಎಂದ ಚನಮಲ್ಲಪ್ಪ. ಅಂದಾಗ ಖರೆ ಮನಸ್ಸಿನಿಂದಲೇ ಅಂದದ್ದು.

ಬಿಡಿಭಾಗಕ್ಕೆ ಅದನ್ನು ಮಾಡಿದವರ ಹೆಸರು ಪರದೆಯಲ್ಲಿ ತೋರಿಸುವ ಪುಟ್ಟ ಕಿಟಕಿಯೊಂದನ್ನು ಇಡುವುದು ಆ ಕಸುಬಿನ ಹಳೆಯ ಪದ್ಧತಿ. ಯಾರೂ ಅದನ್ನು ತೆರೆದು ನೋಡುವುದಿಲ್ಲ. ಅವನು ಹೊರಡುವಾಗ ಮನೀಷಾ ಇನ್ನೊಂದು ಉಪಕಾರ ಮಾಡಿದಳು. ನಾಳೆ ಏನಾದರೂ ತಿದ್ದಬೇಕಾದರೆ ನೀವು ಇಷ್ಟು ದೂರ ಅಲೆಯುವುದು ಬೇಡ ಎಂದು, ತಾನು ಬರೆದದ್ದರ ಮೂಲವನ್ನೂ, ಅಂದರೆ ಸೋರ್ಸ್ ಕೋಡನ್ನೂ, ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ಜಮಖಂಡಿಗೆ ಬಂದರೆ ಮನೆಯಲ್ಲಿ ಸತ್ಕಾರದ ಆಮಂತ್ರಣ ಕಾದಿತ್ತು. "ಸ್ವಂತ ಬುದ್ಧಿಯಿಂದ ಸಂಘದ ತೂಕದ ವ್ಯವಸ್ಥೆ ರೂಪಿಸಿದ ಶ್ರೀ ಚನಮಲ್ಲಪ್ಪನವರಿಗೆ" ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಓದಿದ, ಮಡಚಿಟ್ಟ, ಮತ್ತೆ ಓದಿದ. ಸ್ವಂತ ಬುದ್ಧಿ ಎಂಬಲ್ಲಿ ಅವನ ಕಣ್ಣು ನಿಲ್ಲುತ್ತಿತ್ತು. ಹುಲೆಪ್ಪನ ನೆನಪಾಯಿತು. ಕಂಡದ್ದನ್ನೆಲ್ಲ ಒತ್ತಿ ನೋಡುವ ಕೈ ಅವನದು. ತುಂಬಿದ ಸಭೆಯಲ್ಲಿ, ಚೇರ್ಮನ್ನರ ಎದುರು, ಆ ಕಿಟಕಿಯನ್ನೇ ಒತ್ತಿಬಿಟ್ಟರೆ? ಇದು ಯಾರ ಹೆಸರ್ರಿ ಸರ್ ಎಂದು ಕೇಳಿಬಿಟ್ಟರೆ?

ಸತ್ಕಾರ ಮುಗಿಯಲಿ, ಮರುದಿನವೇ ಹೋಗಿ ಹೆಸರು ಮತ್ತೆ ಹಾಕಿ ಬಂದರಾಯಿತು ಎಂದು ತನಗೆ ತಾನೇ ಹೇಳಿಕೊಂಡು, ಊಟ ಮಾಡಿ, ಕೈ ತೊಳೆದು, ಮನೀಷಾ ಕೊಟ್ಟ ಮೂಲವನ್ನು ತೆರೆದು ಅವಳ ಹೆಸರು ಅಳಿಸಿದ. ಆ ಜಾಗದಲ್ಲಿ ತನ್ನ ಹೆಸರು ಹಾಕಲು ಮಾತ್ರ ಕೈ ಏಳಲಿಲ್ಲ, ಖಾಲಿ ಬಿಟ್ಟ. ಅಷ್ಟಾದರೂ ಮರ್ಯಾದೆ ಉಳಿಸಿಕೊಂಡೆ ಎಂದು ಅನ್ನಿಸಿತಂತೆ. ಎಂಥ ಮರ್ಯಾದೆಯೋ! ಬೆಳಗಾದ ಮೇಲೆ ಹೋಗಿ ಅದನ್ನೇ ಸಂಘದ ಹೊಸ ಕಂಪ್ಯೂಟರಿನಲ್ಲಿ ಕೂರಿಸಿ ಬಂದ. ಮನೀಷಾಳಿಗೆ ಸತ್ಕಾರದ ದಿನವನ್ನೂ ಅವನು ತಿಳಿಸಲಿಲ್ಲ.

ಅವನು ತಿಳಿಸದಿದ್ದರೇನು, ಅವಳ ತಾಯಿ ಮುದಕವ್ವ ಸಂಘದ ಹಳೆಯ ಸದಸ್ಯಳು. ಆಮಂತ್ರಣ ಅವಳ ಮನೆಗೂ ಹೋಗಿತ್ತು.

ಸತ್ಕಾರದ ದಿನ ಬೆಳಿಗ್ಗೆ ಸಂಘದ ಅಂಗಳದಲ್ಲಿ ಪೆಂಡಾಲು, ಮೈಕು. ಕಂಪ್ಯೂಟರಿಗೆ ಕುಂಕುಮ ಹಚ್ಚಿ ಹೂ ಏರಿಸಿದ್ದರು. ಹುಲೆಪ್ಪ ಮೊದಲ ಸೀರೆ ತಕ್ಕಡಿಗಿಟ್ಟ, ಅಂಕಿ ಪರದೆಗೆ ಜಿಗಿಯಿತು, ಜನ ಚಪ್ಪಾಳೆ ಹೊಡೆದರು. ಅದೇ ಹೊತ್ತಿಗೆ ಮನೀಷಾ ತಾಯಿಯ ಕೈ ಹಿಡಿದು ನಡೆಸಿಕೊಂಡು ಬಂದಳು. ಇಬ್ಬರೂ ಹೊಸ ಸೀರೆ ಉಟ್ಟಿದ್ದರು.

"ಶರಣ್ರಿ ಸರ್. ಅವ್ವಗ ತೋರಿಸಿ ಬರ್ತೀನಿ," ಎಂದು ಮನೀಷಾ ನೇರ ಕಂಪ್ಯೂಟರಿಗೆ ಹೋದಳು. ಹುಲೆಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅವಳು ಆ ಪುಟ್ಟ ಕಿಟಕಿಯನ್ನು ತೆರೆದಳು.

ಕಿಟಕಿ ಖಾಲಿ ಇತ್ತು.

ಅವಳು ತಿರುಗಿ ಚನಮಲ್ಲಪ್ಪನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಅವನಿಗೆ ಸುಲಭವಿತ್ತು. ಅವಳು ತಾನೇ ಬೇಡಬಾರದ್ದನ್ನು ಬೇಡಿಬಿಟ್ಟವಳ ಹಾಗೆ ನೋಡಿದಳು. ಅವನು ಹೆಗಲಿನ ಟವೆಲು ಸರಿ ಮಾಡಿಕೊಂಡ.

ಮುದಕವ್ವ ಪರದೆಗೆ ಮುಖ ಹತ್ತಿಸಿ ಹುಡುಕುತ್ತಿದ್ದಳು. "ಎಲ್ಲೈತ ಬೇ ಮನೀಷಾ? ನನ್ನ ಕಣ್ಣಿಗೆ ಏನೂ ಕಾಣಸವಲ್ದು."

"ನಿನ್ನ ಕಣ್ಣು ಮಂಜಾಗ್ಯಾವ ಯವ್ವಾ," ಎಂದಳು ಮನೀಷಾ. "ಐತಿ, ಅಲ್ಲೇ ಐತಿ."

"ಇಲ್ಲೇನ?" ಮುದುಕಿ ಬರಿಯ ಗಾಜಿನ ಮೇಲೆ ಬೆರಳಾಡಿಸಿದಳು.

"ಹೂಂ. ಅಲ್ಲೇ."

ಮುದಕವ್ವ ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಕಾಣದಿದ್ದರೂ ಅವಳ ಮುಖ ಅರಳಿತ್ತು. ನಾಚಿಕೆ ಎಂಬುದು ಕಿವಿಯಿಂದ ಶುರುವಾಗಿ ಇಡೀ ಮೈ ಸುಡುತ್ತದೆಂದು ಚನಮಲ್ಲಪ್ಪನಿಗೆ ಆವತ್ತು ಗೊತ್ತಾಯಿತು. ಓಡಿ ಹೋಗಿಬಿಡಬೇಕೆನ್ನಿಸಿತು. ಅಷ್ಟರಲ್ಲಿ ದಶರಥ ಅವನ ತೋಳು ಹಿಡಿದು ವೇದಿಕೆಗೆ ಎಳೆದುಕೊಂಡು ಹೋದ.

ರುಮಾಲು ಸುತ್ತಿದರು, ಶಾಲು ಹೊದಿಸಿದರು, ಕೈಗೆ ಕಾಯಿ ಕೊಟ್ಟು ಮೈಕಿನ ಮುಂದೆ ನಿಲ್ಲಿಸಿದರು. ಮನೀಷಾ ತಾಯಿಯ ಜೊತೆ ಮುಂದಿನ ಜಮಖಾನೆಯ ಮೇಲೆ ಕುಳಿತಿದ್ದಳು.

"ಇದರಾಗ ನಂದೇನೂ ಇಲ್ರಿ," ಎಂದ ಚನಮಲ್ಲಪ್ಪ.

ಚಪ್ಪಾಳೆ ಬಿತ್ತು. ಬೀಳದೆ ಏನು? ನಮ್ಮಲ್ಲಿ ಸತ್ಕಾರ ಮಾಡಿಸಿಕೊಂಡವರೆಲ್ಲ ಮೊದಲು ಹೇಳುವ ಮಾತೇ ಅದು. ನನ್ನದೇನೂ ಇಲ್ಲ, ಎಲ್ಲ ಹಿರಿಯರ ಆಶೀರ್ವಾದ ಎನ್ನದೆ ಯಾರೂ ಶಾಲು ಹೊದ್ದುಕೊಂಡವರಿಲ್ಲ. ಕೆರೆ ಕಟ್ಟಿಸಿದವರೂ ಅದನ್ನೇ ಹೇಳುತ್ತಾರೆ, ನುಂಗಿದವರೂ ಅದನ್ನೇ ಹೇಳುತ್ತಾರೆ. ಖರೆ ಮಾತು ಹೇಳಬೇಕಾದವನಿಗೆ ಅಲ್ಲಿ ಬೇರೆ ಮಾತೇ ಉಳಿದಿರುವುದಿಲ್ಲ.

"ಖರೇನ ಹೇಳಾಕತ್ತೇನ್ರಿ. ಈಗ ತೂಕ ಬಂತಲ್ರಿ, ಅದನ್ನ ಓದೂ ಭಾಗ ಮಾಡಿದಾಕಿ ಮನೀಷಾ. ಇಲ್ಲೇ ಕುಂತಾಳ, ಮುದಕವ್ವನ ಮಗಳು."

ಮತ್ತೂ ಜೋರಾಗಿ ಚಪ್ಪಾಳೆ. ದಶರಥ ಮೈಕು ಇಸಿದುಕೊಂಡ. "ನೋಡ್ರಿ ಮಂದಿ, ಗುರು ಅಂದ್ರ ಇಂಥವ್ರು! ತಾವು ಮಾಡಿದ್ದನ್ನ ಶಿಷ್ಯರ ಹೆಸರಿಗೆ ಹಚ್ಚತಾರ. ಏಳವಾ ಮನೀಷಾ, ಬಾ, ಗುರುಗಳ ಪಾದ ಮುಟ್ಟ."

ಇಡೀ ಸಭೆ ಮನೀಷಾಳ ಕಡೆ ತಿರುಗಿತು. ಅವಳು ತಾಯಿಯ ಮುಖ ನೋಡಿದಳು, ಸೆರಗು ಸರಿ ಮಾಡಿಕೊಂಡಳು, ನಿಧಾನಕ್ಕೆ ಎದ್ದಳು. ಬರುತ್ತಿದ್ದಳು ಕೂಡ. ತನ್ನ ಹೆಸರು ಅಳಿಸಿದವನ ಕಾಲು ಮುಟ್ಟಲು, ತಾಯಿ ಹಿಗ್ಗಲಿ ಎಂದು, ಬರುತ್ತಿದ್ದಳು.

"ಬ್ಯಾಡ!" ಎಂದು ಚನಮಲ್ಲಪ್ಪ ಒದರಿದ. ದಶರಥನ ಕೈಯಿಂದ ಮೈಕು ಕಿತ್ತುಕೊಂಡ. "ಬ್ಯಾಡ, ಅಲ್ಲೇ ನಿಂದ್ರವಾ. ನಾ ದೊಡ್ಡಸ್ತನಕ್ಕ ಹೇಳಾಕತ್ತಿಲ್ರಿ. ಹಳೇದನ್ನೂ ನಾ ಮಾಡಿದ್ದಿಲ್ಲ, ತಂದು ಜೋಡಿಸಿದ್ದೆ. ಈ ಹೊಸಾದಂತೂ ನನಗ ಮಾಡಾಕ ಬರೂದಿಲ್ಲ. ಆಕಿ ಮಾಡಿ ಕೊಟ್ಲು. ನನ್ನ ಹೆಸರೊಂದು ಇರ್ಲಿ ಸರ್, ನಮ್ಮವ್ವಗ ತೋರಿಸಬೇಕು ಅಂದ್ಲು. ಹೂಂ ಅಂದು ಬಂದು, ನನ್ನ ಕೈಯಾರೆ ಅಳಿಸೇನಿ. ನಿಮ್ಮ ಮುಂದ ನನ್ನ ಮರ್ಯಾದಿ ಹೋಗತೈತಿ ಅಂತ ಅಳಿಸೇನಿ." ಮುಂದಿನ ಜಮಖಾನೆಯ ಕಡೆ ತಿರುಗಿದ. "ಮುದಕವ್ವಾ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಅಲ್ಲಿ ಹೆಸರs ಇಲ್ಲ."

ಈಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದಶರಥ ಹಣೆ ಉಜ್ಜಿಕೊಂಡ. ಮೊದಲು ಬಾಯಿ ಬಿಟ್ಟವನು ಹುಲೆಪ್ಪ. ಅವನು ಕೆಟ್ಟವನಲ್ಲ, ನಾಳೆ ತಕ್ಕಡಿಯ ಮುಂದೆ ಕುಳಿತುಕೊಳ್ಳಬೇಕಾದವನು, ಅಷ್ಟೇ.

"ಹಂಗಾರ ಇದು ಕೆಟ್ಟರ ಇನ್ನ ಯಾರಿಗೆ ಫೋನ್ ಹಚ್ಚೂದ್ರಿ?"

ಚನಮಲ್ಲಪ್ಪ ಮನೀಷಾಳ ಕಡೆ ಕೈ ತೋರಿಸಿದ. ಅವಳು ಸಣ್ಣ ದನಿಯಲ್ಲಿ ತನ್ನ ನಂಬರು ಹೇಳಿದಳು. ಹಿಂದೆ ಕುಳಿತವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದಳು. ಜನ ಜೇಬಿನಿಂದ, ಚೀಲದಿಂದ ಫೋನು ತೆಗೆದು ತಲೆ ಬಗ್ಗಿಸಿ ಒತ್ತಿಕೊಳ್ಳತೊಡಗಿದರು. ಮಹಾಲಿಂಗಪುರದ ಅಡತಿಯವರೂ ಒತ್ತಿಕೊಂಡರು, ಬೀಳಗಿಯಿಂದ ಬಂದವರೂ ಒತ್ತಿಕೊಂಡರು. ಇಷ್ಟು ವರ್ಷ ತನ್ನನ್ನು ಕರೆದವರೆಲ್ಲ ಬೇರೊಬ್ಬರ ಹೆಸರು ಬರೆದುಕೊಳ್ಳುವುದನ್ನು ಚನಮಲ್ಲಪ್ಪ ರುಮಾಲು ಹೊತ್ತು ನಿಂತು ನೋಡಿದ.

ಅಷ್ಟು ಜನರಲ್ಲಿ ತಲೆ ಬಗ್ಗಿಸದೆ ಕುಳಿತವಳು ಮುದಕವ್ವ ಒಬ್ಬಳೇ. ಅವಳ ಹತ್ತಿರ ಫೋನಿರಲಿಲ್ಲ. ಅವಳು ವೇದಿಕೆಯ ಕಡೆಗೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಇಷ್ಟು ಓದಿದವನು ಹೀಗೇಕೆ ಮಾಡಿದ ಎಂಬುದು ನಿಜಕ್ಕೂ ತಿಳಿಯದೆ ಕೇಳಿದಳು.

"ಅಲ್ರೀ ಸರ್, ನನ್ನ ಮಗಳ ಹೆಸರು ನಿಮಗ ಏನ ಮಾಡಿತ್ರಿ?"

"ಏನೂ ಮಾಡಿದ್ದಿಲ್ಲ ಯವ್ವಾ," ಎಂದ ಚನಮಲ್ಲಪ್ಪ. ಮೆಲ್ಲಗೇ ಅಂದದ್ದು, ಆದರೆ ಮೈಕು ಇನ್ನೂ ಅವನ ಕೈಯಲ್ಲಿತ್ತು, ಇಡೀ ಸಭೆಗೆ ಕೇಳಿಸಿತು.